ಕಟ್ಟಿದ ಬೆರಳಿನಿಂದ ಮಿದುಳಿನವರೆಗೆ: ರಕ್ತಸಂಚಾರ ಕುಂದಿದ ಅಂಗಾಂಶವನ್ನು ಬೆಳಕಿನಿಂದ ಪರೀಕ್ಷಿಸಿದ ಇತಿಹಾಸ

೧. ಪೀಠಿಕೆ

ಕತ್ತಲೆಯ ಕೋಣೆಯಲ್ಲಿ ಉರಿಯುವ ಟಾರ್ಚಿನ ಮೇಲೆ ಅಂಗೈಯನ್ನು ಮುಚ್ಚಿ ಹಿಡಿದಾಗ ಬೆರಳುಗಳು ಕೆಂಪಾಗಿ ಬೆಳಗುವುದನ್ನು ಬಾಲ್ಯದಲ್ಲಿ ನೋಡದವರು ವಿರಳ. ಬಿಳಿಯ ಬೆಳಕಿನಲ್ಲಿ ಅಡಗಿರುವ ನೀಲಿ, ಹಸುರು, ಹಳದಿ ಕಿರಣಗಳನ್ನು ರಕ್ತವು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಕೆಂಪು ಕಿರಣಗಳು ಮಾತ್ರ ಮಾಂಸವನ್ನು ಹಾಯ್ದು ಹೊರಬರುತ್ತವೆ. ಮಕ್ಕಳ ಆಟವಾಗಿ ತೋರುವ ಈ ಸಂಗತಿಯೇ ಇಂದಿನ ವೈದ್ಯಶಾಸ್ತ್ರದ ಒಂದು ಮುಖ್ಯ ಸಾಧನಕ್ಕೆ ಮೂಲವಾಗಿದೆ.

೨೦೨೦ ಮತ್ತು ೨೦೨೧ನೆಯ ಇಸವಿಗಳ ಮಹಾಮಾರಿಯ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮ ನಾಡಿನ ಹಳ್ಳಿಹಳ್ಳಿಗೂ ಪರಿಚಿತವಾಯಿತು. ಆಶಾ ಕಾರ್ಯಕರ್ತೆಯರು ಅದನ್ನು ಕೈಯಲ್ಲಿ ಹಿಡಿದು ಮನೆಮನೆಗೆ ನಡೆದರು. ತೊಂಬತ್ತೆಂಟು, ತೊಂಬತ್ತಾರು, ತೊಂಬತ್ತು ಎಂಬ ಅಂಕಿಗಳನ್ನು ಮನೆಯವರೆಲ್ಲರೂ ಉಸಿರು ಬಿಗಿಹಿಡಿದು ಓದಿದರು. ಆದರೆ ಆ ಅಂಕಿಯು ಶರೀರದಲ್ಲಿ ಯಾವುದರ ಅಳತೆ ಎಂಬ ಪ್ರಶ್ನೆಯನ್ನು ಕೇಳಿದವರು ಕೆಲವರೇ. ಅದು ಅಪಧಮನಿಯಲ್ಲಿ ಹರಿಯುವ ರಕ್ತದ ಅಳತೆಯೇ ಹೊರತು, ಆ ರಕ್ತವನ್ನು ನೆಚ್ಚಿ ಬದುಕುವ ಅಂಗಾಂಶದ ಅಳತೆಯಲ್ಲ. ಮಂಡ್ಯದ ಕಡೆಯ ರೈತನಿಗೆ ಈ ಭೇದವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ದೊಡ್ಡ ನಾಲೆಯ ನೀರು ಎಷ್ಟೇ ಚೆನ್ನಾಗಿರಲಿ, ಕೊನೆಯ ಗದ್ದೆಗೆ ಅದು ತಲಪಿತೆ ಎಂಬುದು ಬೇರೆಯದೇ ಪ್ರಶ್ನೆಯೆಂದು ಅವನು ಬಲ್ಲನು.

ರಕ್ತನಾಳವು ಮುಚ್ಚಿದಾಗ, ಹೃದಯವು ಸೋತಾಗ, ಆಘಾತದಿಂದ ಚರ್ಮದ ನಾಳಗಳು ಸಂಕುಚಿತವಾದಾಗ ಅಂಗಾಂಶದ ಸ್ಥಿತಿಯನ್ನು ಬೆಳಕಿನಿಂದ ತಿಳಿಯುವ ವಿದ್ಯೆ ಹೇಗೆ ಬೆಳೆದುಬಂದಿತೆಂಬುದನ್ನು ಈ ಲೇಖನದಲ್ಲಿ ನಾವು ನಿರೂಪಿಸಲು ಉದ್ದೇಶಿಸಿದ್ದೇವೆ. ಈ ವಿದ್ಯೆಯ ಮೊದಲ ಪ್ರಶ್ನೆ ಅಂಗಾಂಶವನ್ನು ಕುರಿತದ್ದಾಗಿತ್ತು. ನಡುವೆ ಸುಮಾರು ಅರ್ಧ ಶತಮಾನದ ಕಾಲ ಅದು ಅಪಧಮನಿಯ ಕಡೆಗೆ ಹೊರಳಿ, ಅನಂತರ ಮತ್ತೆ ಮೊದಲಿನ ಪ್ರಶ್ನೆಗೇ ಹಿಂದಿರುಗಿತು. ಈ ಹೊರಳಿಕೆಗೆ ಕಾರಣವೇನು, ಅದರಿಂದಾದ ಲಾಭನಷ್ಟಗಳೇನು ಎಂಬುದೇ ನಮ್ಮ ವಿಚಾರದ ತಿರುಳು.

೨. ರಕ್ತವರ್ಣದ ಎರಡು ಅವಸ್ಥೆಗಳು

ವಸ್ತುವೊಂದರ ಮೂಲಕ ಹಾಯುವ ಬೆಳಕು ಎಷ್ಟು ಕುಂದುತ್ತದೆಂಬುದಕ್ಕೆ ಒಂದು ನಿಯಮವಿದೆ. ಫ್ರಾನ್ಸಿನ ಬುಗೇರನು ೧೭೨೯ರಲ್ಲಿಯೂ, ಲ್ಯಾಂಬರ್ಟನು ೧೭೬೦ರಲ್ಲಿಯೂ ವಸ್ತುವಿನ ದಪ್ಪಕ್ಕೂ ಬೆಳಕಿನ ಕುಂದಿಗೂ ಇರುವ ಸಂಬಂಧವನ್ನು ತಿಳಿಸಿದರು. ದ್ರಾವಣದ ಸಾಂದ್ರತೆಗೂ ಬೆಳಕಿನ ಕುಂದಿಗೂ ಇರುವ ಸಂಬಂಧವನ್ನು ಬೇರ್ ಎಂಬಾತನು ೧೮೫೨ರಲ್ಲಿ ಸೇರಿಸಿದನು. ಅನಂತರ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ೧೮೫೯-೬೦ರಲ್ಲಿ ರೋಹಿತದರ್ಶಕವನ್ನು ರಸಾಯನಶಾಸ್ತ್ರದ ಸಾಧನವನ್ನಾಗಿ ಮಾಡಿದರು. ಪ್ರತಿಯೊಂದು ವಸ್ತುವೂ ಬೆಳಕಿನ ಪಟ್ಟಿಯಲ್ಲಿ ತನ್ನದೇ ಆದ ಗುರುತನ್ನು ಬಿಡುತ್ತದೆ ಎಂಬ ಮಾತು ಅಂದು ಯೂರೋಪಿನ ಪ್ರಯೋಗಶಾಲೆಗಳಲ್ಲೆಲ್ಲ ಹಬ್ಬಿತು.

ಜರ್ಮನಿಯ ಟ್ಯೂಬಿಂಗೆನ್ ನಗರದ ಹಳೆಯ ಕೋಟೆಯೊಳಗಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಫೀಲಿಕ್ಸ್ ಹೊಪ್ಪೆ-ಸೈಲರನು ೧೮೬೨ರಲ್ಲಿ ರಕ್ತವನ್ನು ಈ ಬಗೆಯ ಪರೀಕ್ಷೆಗೆ ಒಳಪಡಿಸಿ, ಅದರ ರೋಹಿತದಲ್ಲಿ ಎರಡು ಕಪ್ಪು ಪಟ್ಟಿಗಳಿರುವುದನ್ನು ವರ್ಣಿಸಿದನು. ೧೮೬೪ರಲ್ಲಿ ಆ ವರ್ಣದ್ರವ್ಯಕ್ಕೆ ಹೀಮೋಗ್ಲೋಬಿನ್ ಎಂಬ ಹೆಸರನ್ನೂ ಕೊಟ್ಟನು. ಅದೇ ವರ್ಷ ಕೇಂಬ್ರಿಜ್ಜಿನ ಗಣಿತಜ್ಞ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸನು ಇನ್ನೊಂದು ಹೆಜ್ಜೆ ಮುಂದಿಟ್ಟನು. ರಕ್ತದ ದ್ರಾವಣದಿಂದ ಆಮ್ಲಜನಕವನ್ನು ರಾಸಾಯನಿಕ ವಿಧಾನದಿಂದ ಕಳೆದಾಗ ಎರಡು ಪಟ್ಟಿಗಳು ಮಾಯವಾಗಿ, ಅವುಗಳ ನಡುವೆ ಅಗಲವಾದ ಒಂದೇ ಪಟ್ಟಿ ಕಾಣಿಸಿತು. ದ್ರಾವಣವನ್ನು ಗಾಳಿಯೊಡನೆ ಕುಲುಕಿದಾಗ ಎರಡು ಪಟ್ಟಿಗಳು ಮತ್ತೆ ಬಂದವು. ಅಪಧಮನಿಯ ರಕ್ತವು ಉಜ್ವಲವಾಗಿಯೂ ಅಭಿಧಮನಿಯ ರಕ್ತವು ಮಂಕಾಗಿಯೂ ಕಾಣುವುದಕ್ಕೆ ಕಾರಣ ಇದರಿಂದ ಸ್ಪಷ್ಟವಾಯಿತು. ಒಂದೇ ವರ್ಣದ್ರವ್ಯವು ಎರಡು ಅವಸ್ಥೆಗಳಲ್ಲಿದ್ದು, ಆಮ್ಲಜನಕವನ್ನು ಹೊತ್ತಾಗ ಒಂದು ಬಣ್ಣವನ್ನೂ, ಇಳಿಸಿದಾಗ ಇನ್ನೊಂದು ಬಣ್ಣವನ್ನೂ ತಾಳುತ್ತದೆ.

ಇಲ್ಲಿಯವರೆಗೆ ಪರೀಕ್ಷೆಗೊಳಗಾದದ್ದು ಶರೀರದಿಂದ ಹೊರತೆಗೆದ ರಕ್ತ. ಬದುಕಿರುವ ಶರೀರದೊಳಗೇ ಈ ಬಣ್ಣದ ಬದಲಾವಣೆಯನ್ನು ನೋಡುವುದು ಸಾಧ್ಯವೆ ಎಂಬ ಪ್ರಶ್ನೆ ಉಳಿದಿತ್ತು.

೩. ಕಟ್ಟಿದ ಬೆರಳು

ಈ ಪ್ರಶ್ನೆಗೆ ಉತ್ತರ ಕೊಟ್ಟವನು ಅದೇ ಟ್ಯೂಬಿಂಗೆನ್ನಿನ ಶರೀರಶಾಸ್ತ್ರಜ್ಞ ಕಾರ್ಲ್ ಫೋನ್ ಫೀರೋರ್ಟ್. ಶರೀರದ ವ್ಯಾಪಾರಗಳನ್ನು ಅಂಕಿಗಳಲ್ಲಿ ಹಿಡಿದಿಡುವುದೇ ಈತನ ಜೀವನದ ಸಾಧನೆ. ರಕ್ತಕಣಗಳ ಎಣಿಕೆ, ನಾಡಿಯ ಮಿಡಿತವನ್ನು ಕಾಗದದ ಮೇಲೆ ಬರೆಯುವ ಯಂತ್ರ ಮುಂತಾದ ಕಾರ್ಯಗಳಿಂದ ಆ ವೇಳೆಗಾಗಲೇ ಅವನು ಪ್ರಸಿದ್ಧನಾಗಿದ್ದನು. ೧೮೭೬ರಲ್ಲಿ ಅವನು ತನ್ನ ಕೈಯ ಮೂಲಕ ಹಾಯ್ದುಬಂದ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದನು. ಆಮ್ಲಜನಕವನ್ನು ಹೊತ್ತ ರಕ್ತದ ಎರಡು ಪಟ್ಟಿಗಳು ಕಂಡವು. ಅನಂತರ ರಕ್ತವು ಹರಿಯದಂತೆ ಬಿಗಿಯಾಗಿ ಕಟ್ಟು ಕಟ್ಟಿ ಕಾದನು. ಸ್ವಲ್ಪ ಸಮಯದಲ್ಲಿ ಎರಡು ಪಟ್ಟಿಗಳು ಮಸುಕಾಗಿ, ಸ್ಟೋಕ್ಸನು ಗಾಜಿನ ಕೊಳವೆಯಲ್ಲಿ ಕಂಡಿದ್ದ ಆ ಒಂಟಿ ಪಟ್ಟಿಯು ಬದುಕಿರುವ ಮನುಷ್ಯನ ಕೈಯಲ್ಲಿಯೇ ಮೂಡಿತು.

ಈ ಪ್ರಯೋಗದ ಅರ್ಥವನ್ನು ನಾವು ಎಚ್ಚರಿಕೆಯಿಂದ ಗ್ರಹಿಸಬೇಕು. ಫೀರೋರ್ಟನು ಅಳೆಯಲು ಹೊರಟದ್ದು ಶ್ವಾಸಕೋಶವು ರಕ್ತಕ್ಕೆ ಎಷ್ಟು ಆಮ್ಲಜನಕವನ್ನು ತುಂಬಿತೆಂಬುದನ್ನಲ್ಲ. ಹೊರಗಿನ ಸರಬರಾಜು ನಿಂತಮೇಲೆ ಬೆರಳಿನ ಮಾಂಸವು ತನ್ನಲ್ಲಿ ಉಳಿದ ಆಮ್ಲಜನಕವನ್ನು ಎಷ್ಟು ಬೇಗ ಬಳಸಿ ಮುಗಿಸುತ್ತದೆ ಎಂಬುದು ಅವನ ಪ್ರಶ್ನೆಯಾಗಿತ್ತು. ಎಂದರೆ ಬದುಕಿರುವ ಶರೀರದೊಳಗಿನ ಆಮ್ಲಜನಕವನ್ನು ಬೆಳಕಿನಿಂದ ಅರಿಯುವ ವಿದ್ಯೆಯು ಹುಟ್ಟಿದ್ದೇ ರಕ್ತಸಂಚಾರ ಕುಂದಿದ ಅಂಗಾಂಶದಲ್ಲಿ. ಆದರೆ ಕಣ್ಣಿನಿಂದ ಪಟ್ಟಿಗಳನ್ನು ನೋಡಿ ಕಾಲವನ್ನು ಲೆಕ್ಕ ಹಾಕಬೇಕಾಗಿದ್ದುದರಿಂದ ಈ ಕ್ರಮವು ಆಸ್ಪತ್ರೆಯನ್ನು ಪ್ರವೇಶಿಸಲಿಲ್ಲ.

ಈ ಕಾಲದ ಇನ್ನೊಂದು ಘಟನೆಯನ್ನೂ ಇಲ್ಲಿ ಸ್ಮರಿಸಬೇಕು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಚಾರ್ಲ್ಸ್ ಮ್ಯಾಕ್‌ಮನ್ ಎಂಬಾತನು ೧೮೮೪ರಿಂದ ೧೮೮೬ರ ಅವಧಿಯಲ್ಲಿ, ಸ್ನಾಯು ಮೊದಲಾದ ಅಂಗಾಂಶಗಳಲ್ಲಿ ಹೀಮೋಗ್ಲೋಬಿನ್ನಿನಿಂದ ಭಿನ್ನವಾದ ಮತ್ತೊಂದು ವರ್ಣದ್ರವ್ಯವಿದೆಯೆಂದೂ, ಅದು ಉಸಿರಾಟದ ಕಾರ್ಯಕ್ಕೆ ಸಂಬಂಧಪಟ್ಟಿದೆಯೆಂದೂ ಹೇಳಿದನು. ಹೊಪ್ಪೆ-ಸೈಲರನಂತಹ ಹಿರಿಯ ವಿದ್ವಾಂಸನು ಇದನ್ನು ಒಪ್ಪಲಿಲ್ಲ. ಮ್ಯಾಕ್‌ಮನ್ನನ ಮಾತು ಮೂಲೆ ಸೇರಿತು. ೧೯೧೧ರಲ್ಲಿ ಅವನು ತೀರಿಕೊಂಡನು. ೧೯೨೫ರಲ್ಲಿ ಕೇಂಬ್ರಿಜ್ಜಿನ ಡೇವಿಡ್ ಕೀಲಿನ್ನನು ಕೀಟಗಳ ಸ್ನಾಯುಗಳಲ್ಲಿಯೂ ಯೀಸ್ಟಿನಲ್ಲಿಯೂ ಅದೇ ಪಟ್ಟಿಗಳನ್ನು ಕಂಡು, ಆ ದ್ರವ್ಯಕ್ಕೆ ಸೈಟೋಕ್ರೋಮ್ ಎಂದು ಹೆಸರಿಟ್ಟು, ಮ್ಯಾಕ್‌ಮನ್ನನ ಹಕ್ಕನ್ನು ಲೋಕಕ್ಕೆ ತಿಳಿಸಿದನು. ಆಮ್ಲಜನಕವು ರಕ್ತದಲ್ಲಿರುವುದು ಒಂದು ಸಂಗತಿ, ಅದು ಜೀವಕೋಶದೊಳಗೆ ಬಳಕೆಯಾಗುವುದು ಮತ್ತೊಂದು ಸಂಗತಿ. ಇವೆರಡಕ್ಕೂ ಬೇರೆಬೇರೆ ಬಣ್ಣದ ಸಾಕ್ಷಿಗಳಿವೆ ಎಂಬುದು ಹೀಗೆ ಸಿದ್ಧವಾಯಿತು. ಇದರ ಉಪಯೋಗವನ್ನು ಮುಂದೆ ನೋಡೋಣ.

೪. ವೈಮಾನಿಕನ ಕಿವಿ

ಬೆಳಕನ್ನು ವಿದ್ಯುತ್ತನ್ನಾಗಿ ಪರಿವರ್ತಿಸುವ ದ್ಯುತಿಕೋಶವು ಬಳಕೆಗೆ ಬಂದಮೇಲೆ ಕಣ್ಣಿನ ಅಂದಾಜು ಅನಾವಶ್ಯಕವಾಯಿತು. ಗಟಿಂಗೆನ್ನಿನ ಲೂಡ್ವಿಗ್ ನಿಕೊಲಾಯ್ ಎಂಬಾತನು ೧೯೩೦ರ ದಶಕದ ಆರಂಭದಲ್ಲಿ ಫೀರೋರ್ಟನ ಪ್ರಯೋಗವನ್ನೇ ಈ ಹೊಸ ಸಾಧನದಿಂದ ಮತ್ತೆ ಮಾಡಿ, ಸಂಚಾರ ನಿಂತ ಕೈಯಲ್ಲಿ ಆಮ್ಲಜನಕವು ಕುಗ್ಗುವ ವೇಗವನ್ನು ದಾಖಲಿಸಿದನು. ಅವನ ನಂತರ ಬಂದವರ ಗುರಿ ಮಾತ್ರ ಬದಲಾಯಿತು. ಕುರ್ಟ್ ಕ್ರೇಮರನು ೧೯೩೫ರ ಸುಮಾರಿಗೆ ಪ್ರಾಣಿಗಳ ಅಪಧಮನಿಯನ್ನು ಕೊಯ್ಯದೆಯೇ ಅದರೊಳಗಿನ ರಕ್ತವನ್ನು ಬೆಳಕಿನಿಂದ ಅಳೆದನು. ಲೈಪ್‌ಜಿಗ್ಗಿನ ಕಾರ್ಲ್ ಮ್ಯಾಥೆಸನು ಮನುಷ್ಯನ ಕಿವಿಯ ಹಾಲೆಗೆ ಎರಡು ತರಂಗಾಂತರಗಳ ಬೆಳಕನ್ನು ಹಾಯಿಸಿ ಆಮ್ಲಜನಕದ ಏರಿಳಿತವನ್ನು ಗುರುತಿಸಿದನು.

ಗುರಿ ಬದಲಾದುದಕ್ಕೆ ಕಾರಣವನ್ನು ಆ ಕಾಲದ ಆಕಾಶದಲ್ಲಿ ಹುಡುಕಬೇಕು. ವಿಮಾನಗಳು ಹೆಚ್ಚು ಹೆಚ್ಚು ಎತ್ತರಕ್ಕೆ ಹಾರತೊಡಗಿದ್ದವು. ಅಷ್ಟು ಎತ್ತರದಲ್ಲಿ ಆಮ್ಲಜನಕದ ಕೊರತೆಯಿಂದ ವೈಮಾನಿಕನು ತನಗೆ ತಿಳಿಯದಂತೆಯೇ ಎಚ್ಚರ ತಪ್ಪುತ್ತಿದ್ದನು. ಅವನ ಹೃದಯವು ಗಟ್ಟಿಯಾಗಿದೆ, ಸಂಚಾರವೂ ಚೆನ್ನಾಗಿದೆ. ಕೊರತೆಯಿರುವುದು ಉಸಿರಾಡುವ ಗಾಳಿಯಲ್ಲಿ. ಆದಕಾರಣ ಅಪಧಮನಿಯ ರಕ್ತವನ್ನು ಅಳೆದರೆ ಸಾಕಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗ್ಲೆನ್ ಮಿಲಿಕನ್ನನು ಪೆನ್ಸಿಲ್ವೇನಿಯದ ಜಾನ್ಸನ್ ಪ್ರತಿಷ್ಠಾನದಲ್ಲಿ ಹಗುರವಾದ ಕಿವಿಯ ಸಾಧನವನ್ನು ನಿರ್ಮಿಸಿ, ೧೯೪೨ರಲ್ಲಿ ಅದನ್ನು ಆಕ್ಸಿಮೀಟರ್ ಎಂಬ ಹೆಸರಿನಿಂದ ಪ್ರಕಟಿಸಿದನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಿವಿಯ ಹಾಲೆಯಲ್ಲಿ ಅಪಧಮನಿಯ ರಕ್ತದೊಡನೆ ಲೋಮನಾಳಗಳ ಮತ್ತು ಅಭಿಧಮನಿಗಳ ರಕ್ತವೂ ಬೆರೆತಿರುತ್ತದೆ. ಅಪಧಮನಿಯನ್ನು ಮಾತ್ರ ಓದಬೇಕಾದರೆ ಉಳಿದುದನ್ನು ಮರೆಮಾಡಬೇಕು. ಇದಕ್ಕಾಗಿ ಕಿವಿಯನ್ನು ಬೆಚ್ಚಗೆ ಮಾಡುವ ಉಪಾಯವನ್ನು ಬಳಸಿದರು. ಶಾಖದಿಂದ ನಾಳಗಳು ಹಿಗ್ಗಿ ರಕ್ತವು ಧಾರಾಳವಾಗಿ ಹರಿದಾಗ, ಅಂಗಾಂಶವು ತೆಗೆದುಕೊಳ್ಳುವ ಆಮ್ಲಜನಕದ ಪಾಲು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದಾಗುತ್ತದೆ. ೧೯೪೦ರ ದಶಕದ ಕೊನೆಯಲ್ಲಿ ಮೇಯೋ ಕ್ಲಿನಿಕ್ಕಿನ ಅರ್ಲ್ ವುಡ್ಡನು, ಗಾಳಿ ತುಂಬಿದ ಪಟ್ಟಿಯಿಂದ ಕಿವಿಯನ್ನು ಹಿಂಡಿ ರಕ್ತವನ್ನು ಹೊರದೂಡಿ, ರಕ್ತವಿಲ್ಲದ ಕಿವಿಯ ಅಳತೆಯನ್ನು ಮೊದಲು ತೆಗೆದುಕೊಂಡು ಅದನ್ನು ಕಳೆಯುವ ಕ್ರಮವನ್ನು ಸೇರಿಸಿದನು. ಫೀರೋರ್ಟನು ಯಾವುದನ್ನು ತಿಳಿಯಲೆಂದು ಬೆರಳನ್ನು ಕಟ್ಟಿದ್ದನೋ, ಅಂಗಾಂಶದ ಆ ಸ್ವಂತ ಬಳಕೆಯು ಈಗ ಅಳಿಸಿಹಾಕಬೇಕಾದ ತೊಡಕಾಗಿ ಪರಿಣಮಿಸಿತು. ಇದೇ ಮಿಲಿಕನ್ನನು ೧೯೩೭ರಲ್ಲಿ ಬೆಕ್ಕಿನ ಸ್ನಾಯುವಿನೊಳಗೆ ಆಮ್ಲಜನಕವು ಬಳಕೆಯಾಗುವುದನ್ನು ಬೆಳಕಿನಿಂದ ಕ್ಷಣಕ್ಷಣಕ್ಕೆ ಅಳೆದಿದ್ದನೆಂಬುದನ್ನು ನೆನೆದರೆ, ಯುದ್ಧದ ಅಗತ್ಯವು ವಿಜ್ಞಾನಿಯ ಪ್ರಶ್ನೆಯನ್ನು ಹೇಗೆ ಬದಲಿಸಬಲ್ಲುದೆಂಬುದು ವ್ಯಕ್ತವಾಗುತ್ತದೆ.

ಹೀಗೆಂದು ಈ ಸಾಧನದ ಬೆಲೆಯನ್ನು ನಾವು ಕಡಮೆಮಾಡುತ್ತಿಲ್ಲ. ೧೯೪೭ರಲ್ಲಿ ಕಾಮ್ರೋ ಮತ್ತು ಬೊಟೆಲೊ ಎಂಬ ಸಂಶೋಧಕರು, ರೋಗಿಯ ಚರ್ಮ ಮತ್ತು ತುಟಿಗಳು ನೀಲಿಯಾಗುವುದನ್ನು ವೈದ್ಯರ ಕಣ್ಣು ಎಷ್ಟರಮಟ್ಟಿಗೆ ಗುರುತಿಸಬಲ್ಲುದೆಂಬುದನ್ನು ಪರೀಕ್ಷಿಸಿದರು. ರಕ್ತದ ಸಂತೃಪ್ತತೆಯು ಶೇಕಡ ೮೦ರ ಸಮೀಪಕ್ಕೆ ಇಳಿಯುವವರೆಗೆ ಬಹುಮಂದಿ ನೋಡುಗರಿಗೆ ನೀಲಿಬಣ್ಣವು ಖಚಿತವಾಗಿ ಕಾಣಲಿಲ್ಲ. ಅಷ್ಟರಲ್ಲಿ ಅಪಾಯವು ಮನೆಯೊಳಗೆ ಬಂದಾಗಿರುತ್ತದೆ. ಕಣ್ಣಿಗಿಂತ ಯಂತ್ರವು ಬೇಕೆಂಬುದು ಇದರಿಂದ ನಿರ್ವಿವಾದವಾಯಿತು.

೫. ನಾಡಿಯ ತೊಡಕೇ ಸಾಧನವಾದದ್ದು

ಕಿವಿಯ ಆಕ್ಸಿಮೀಟರು ನಾಜೂಕಾದ ಯಂತ್ರವಾಗಿತ್ತು. ಪ್ರತಿಯೊಬ್ಬ ರೋಗಿಗೂ ಅದನ್ನು ಹೊಸದಾಗಿ ಹೊಂದಿಸಬೇಕಾಗಿತ್ತು. ೧೯೭೬ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ಎಂಟು ತರಂಗಾಂತರಗಳ ಬೆಳಕನ್ನು ಬಳಸುವ ಉಪಕರಣವನ್ನು ಹೊರತಂದು ಈ ಕಷ್ಟವನ್ನು ನಿವಾರಿಸಿತು. ಆದರೆ ಅದು ಭಾರವಾದುದೂ ದುಬಾರಿಯಾದುದೂ ಆಗಿದ್ದು ಪ್ರಯೋಗಶಾಲೆಗಳಲ್ಲಿಯೇ ಉಳಿಯಿತು.

ಅಷ್ಟರಲ್ಲಿಯೇ ಜಪಾನಿನಿಂದ ಬೇರೊಂದು ಉತ್ತರವು ಬಂದಿತ್ತು. ಟೋಕಿಯೋದ ನಿಹೊನ್ ಕೊಹ್ಡೆನ್ ಸಂಸ್ಥೆಯ ತಾಕುಓ ಅಓಯಾಗಿ ಎಂಬ ಎಂಜಿನಿಯರನು ಹೃದಯವು ನಿಮಿಷಕ್ಕೆ ಹೊರದೂಡುವ ರಕ್ತದ ಪರಿಮಾಣವನ್ನು ಅಳೆಯುವ ಯತ್ನದಲ್ಲಿದ್ದನು. ರಕ್ತದಲ್ಲಿ ಹಸುರು ಬಣ್ಣವನ್ನು ಬೆರೆಸಿ, ಅದು ಕರಗುತ್ತ ಹೋಗುವುದನ್ನು ಕಿವಿಯಲ್ಲಿ ಬೆಳಕಿನಿಂದ ಗುರುತಿಸುವುದು ಆ ಕ್ರಮ. ಪ್ರತಿಯೊಂದು ಮಿಡಿತಕ್ಕೂ ಕಿವಿಯಲ್ಲಿ ರಕ್ತವು ಹೆಚ್ಚಿ ಕುಗ್ಗುವುದರಿಂದ ಅವನ ರೇಖೆಯು ಅಲುಗಾಡುತ್ತಿತ್ತು. ಆ ಅಲುಗಾಟವನ್ನು ಕಳೆಯಲು ಅವನು, ಬಣ್ಣವು ಹೀರದಂತಹ ಅವಕೆಂಪು ಕಿರಣವನ್ನು ಎರಡನೆಯದಾಗಿ ಬಳಸಿ ಒಂದರಿಂದ ಇನ್ನೊಂದನ್ನು ಸರಿತೂಗಿಸಿದನು. ರಕ್ತದ ಆಮ್ಲಜನಕವು ಬದಲಾದಾಗಲೆಲ್ಲ ಈ ತೂಕವು ತಪ್ಪುತ್ತಿತ್ತು. ಬೇರೊಬ್ಬನಾಗಿದ್ದರೆ ಇದನ್ನು ಹೊಸದೊಂದು ತೊಂದರೆಯೆಂದು ಭಾವಿಸುತ್ತಿದ್ದನೇನೋ. ಅಓಯಾಗಿಯಾದರೋ, ಆಮ್ಲಜನಕವನ್ನು ಅಳೆಯುವ ದಾರಿಯೇ ಇದೆಂದು ಕಂಡುಕೊಂಡನು. ಮಿಡಿತದೊಡನೆ ಹೆಚ್ಚಿ ಕುಗ್ಗುವುದು ಮುಖ್ಯವಾಗಿ ಅಪಧಮನಿಯ ರಕ್ತ. ಚರ್ಮ, ಎಲುಬು, ಅಭಿಧಮನಿಯ ರಕ್ತ ಇವೆಲ್ಲವೂ ಹೆಚ್ಚುಕಡಮೆ ಸ್ಥಿರ. ಆದ್ದರಿಂದ ಮಿಡಿಯುವ ಭಾಗವನ್ನು ಮಾತ್ರ ಬೇರ್ಪಡಿಸಿ ಎರಡು ತರಂಗಾಂತರಗಳಲ್ಲಿ ಹೋಲಿಸಿದರೆ ಕಿವಿಯನ್ನು ಕಾಯಿಸುವುದೂ ಬೇಡ, ಹಿಂಡುವುದೂ ಬೇಡ. ಈ ತತ್ತ್ವವನ್ನು ಅವನು ೧೯೭೪ರಲ್ಲಿ ಪ್ರಕಟಪಡಿಸಿದನು. ೧೯೮೦ರ ದಶಕದಲ್ಲಿ ಅಮೆರಿಕದ ತಯಾರಕರು ಇದನ್ನು ಬೆರಳಿಗೆ ಒಗ್ಗಿಸಿದಮೇಲೆ ಅದು ಶಸ್ತ್ರಕ್ರಿಯೆಯ ಕೊಠಡಿಗಳಲ್ಲಿ ಅನಿವಾರ್ಯವಾಯಿತು. ಅಓಯಾಗಿಯು ೨೦೨೦ರ ಏಪ್ರಿಲ್ ತಿಂಗಳಲ್ಲಿ, ಲೋಕವೆಲ್ಲ ಅವನ ಸಾಧನವನ್ನು ಬೆರಳಿಗೆ ಧರಿಸತೊಡಗಿದ್ದ ಸಮಯದಲ್ಲಿಯೇ, ನಿಧನನಾದನು.

ನಾಡಿಯನ್ನು ನೆಚ್ಚಿದ ಈ ಸಾಧನದ ಶಕ್ತಿಯೂ ನಾಡಿಯೇ, ದೌರ್ಬಲ್ಯವೂ ನಾಡಿಯೇ. ರೋಗಿಯು ತಣ್ಣಗಾದಾಗ, ರಕ್ತದ ಒತ್ತಡವು ಕುಸಿದಾಗ, ಬೆರಳಿನ ನಾಳಗಳು ಮುದುಡಿದಾಗ ಮಿಡಿತವು ಕ್ಷೀಣಿಸುತ್ತದೆ. ಯಂತ್ರವು ತಪ್ಪು ಹೇಳುತ್ತದೆ ಅಥವಾ ಏನನ್ನೂ ಹೇಳುವುದಿಲ್ಲ. ಹೃದಯದ ಶಸ್ತ್ರಕ್ರಿಯೆಯಲ್ಲಿ ಯಂತ್ರವು ರಕ್ತವನ್ನು ಏಕಪ್ರವಾಹವಾಗಿ ಹರಿಸುವಾಗ ಮಿಡಿತವೇ ಇರುವುದಿಲ್ಲ. ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಕಾಲಿನ ನಾಳವೊಂದು ಮುಚ್ಚಿಹೋಗಿ ಮಾಂಸವು ಸಾಯುತ್ತಿರುವಾಗಲೂ ಕೈಬೆರಳಿನ ಮೇಲಿನ ಸಾಧನವು ತೊಂಬತ್ತೆಂಟನ್ನೇ ತೋರಿಸಬಹುದು. ಅದು ಸುಳ್ಳಲ್ಲ, ಅಪಧಮನಿಯ ರಕ್ತವು ನಿಜವಾಗಿಯೂ ಹಾಗೆಯೇ ಇದೆ. ಆದರೆ ಕೇಳಬೇಕಾಗಿದ್ದ ಪ್ರಶ್ನೆಗೆ ಅದು ಉತ್ತರವಲ್ಲ.

೬. ಎಲುಬಿನಾಚೆಗೆ

ಅಂಗಾಂಶದ ಪ್ರಶ್ನೆಯನ್ನು ಮತ್ತೆ ಎತ್ತಿದವನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಫ್ರಾನ್ಸ್ ಜೋಬ್ಸಿಸ್. ಮಿಲಿಕನ್ನನು ದುಡಿದಿದ್ದ ಜಾನ್ಸನ್ ಪ್ರತಿಷ್ಠಾನದಲ್ಲಿಯೇ, ಬ್ರಿಟನ್ ಚಾನ್ಸನ ಬಳಿಯಲ್ಲಿ, ಈತನು ಹಿಂದೆ ಕೆಲಸ ಮಾಡಿದ್ದನು. ಕೀಲಿನ್ನನ ಸೈಟೋಕ್ರೋಮುಗಳನ್ನು ಬದುಕಿರುವ ಅಂಗಾಂಶದಲ್ಲಿ ಬೆಳಕಿನಿಂದ ಹಿಂಬಾಲಿಸುವುದು ಆ ಗುರುಪರಂಪರೆಯ ವಿಶೇಷ. ಆದರೆ ಅದಕ್ಕಾಗಿ ಪ್ರಾಣಿಯ ತಲೆಬುರುಡೆಯನ್ನು ತೆರೆಯಬೇಕಾಗಿತ್ತು. ಮುಂದೆ ಜೋಬ್ಸಿಸನೇ ನೆನಪಿಸಿಕೊಂಡಂತೆ, ಒಂದು ದಿನ ಮನೆಯ ಊಟದ ಮೇಜಿನಲ್ಲಿ ಬೇಯಿಸಿದ ಮಾಂಸದ ಹೆಗಲ ಎಲುಬನ್ನು ದೀಪಕ್ಕೆ ಹಿಡಿದು ನೋಡಿದಾಗ, ಕೆಂಪು ಬೆಳಕು ಅದನ್ನು ಹಾಯ್ದು ಬರುವುದು ಅವನ ಕಣ್ಣಿಗೆ ಬಿತ್ತು. ಎಲುಬನ್ನು ಬೆಳಕು ಹಾಯಬಲ್ಲುದಾದರೆ ಬುರುಡೆಯನ್ನು ತೆರೆಯಬೇಕಾದ ಅಗತ್ಯವೇನು?

೧೯೭೭ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವನು ತನ್ನ ಉತ್ತರವನ್ನು ಪ್ರಕಟಿಸಿದನು. ಅದರ ತತ್ತ್ವವನ್ನು ಹೀಗೆ ಸಂಗ್ರಹಿಸಬಹುದು. ಸುಮಾರು ೬೫೦ ನ್ಯಾನೋಮೀಟರಿಗಿಂತ ಕಿರಿದಾದ ತರಂಗಗಳನ್ನು ಹೀಮೋಗ್ಲೋಬಿನ್ ಬಲವಾಗಿ ಹೀರುತ್ತದೆ. ೯೫೦ಕ್ಕಿಂತ ಹಿರಿದಾದವನ್ನು ಶರೀರದ ನೀರು ಹೆಚ್ಚುಹೆಚ್ಚಾಗಿ ಹೀರತೊಡಗುತ್ತದೆ. ಈ ಎರಡರ ನಡುವೆ ಒಂದು ಕಿಟಕಿಯಿದೆ. ಆ ಕಿಟಕಿಯಲ್ಲಿ ಬೆಳಕು ಚರ್ಮ ಮತ್ತು ಎಲುಬುಗಳನ್ನು ದಾಟಿ ಕೆಲವು ಸೆಂಟಿಮೀಟರುಗಳವರೆಗೆ ಪ್ರಯಾಣ ಮಾಡಬಲ್ಲುದು. ಅಲ್ಲಿಯೇ, ಸುಮಾರು ೮೦೦ ನ್ಯಾನೋಮೀಟರಿನ ಇಕ್ಕೆಲಗಳಲ್ಲಿ, ಆಮ್ಲಜನಕವನ್ನು ಹೊತ್ತ ಮತ್ತು ಇಳಿಸಿದ ಹೀಮೋಗ್ಲೋಬಿನ್ನುಗಳು ತಮ್ಮ ವ್ಯತ್ಯಾಸವನ್ನು ತೋರಿಸುತ್ತವೆ. ಜೀವಕೋಶದ ಉಸಿರಾಟದ ಕೊನೆಯ ಕೊಂಡಿಯಾದ ಸೈಟೋಕ್ರೋಮ್ ಆಕ್ಸಿಡೇಸಿನ ಗುರುತೂ ಅಲ್ಲಿಯೇ ಇದೆ, ಆದರೆ ಬಹಳ ಮಸುಕಾಗಿ. ಮ್ಯಾಕ್‌ಮನ್ನನು ಬಿತ್ತಿದ ಬೀಜವು ಹೀಗೆ ತೊಂಬತ್ತು ವರ್ಷಗಳ ಮೇಲೆ ಮೊಳೆಯಿತು.

ಈ ಕ್ರಮಕ್ಕೆ ನಾಡಿಯ ಮಿಡಿತವು ಬೇಡವೆಂಬುದೇ ಅದರ ವೈಶಿಷ್ಟ್ಯ. ಬೆಳಕಿನ ಹಾದಿಯಲ್ಲಿ ಸಿಕ್ಕಿದ ರಕ್ತವನ್ನೆಲ್ಲ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ರಕ್ತದ ಬಹುಪಾಲು ಅಭಿಧಮನಿಗಳಲ್ಲಿರುವುದರಿಂದ, ಅಂಗಾಂಶವು ತನ್ನ ಪಾಲನ್ನು ತೆಗೆದುಕೊಂಡಮೇಲೆ ಎಷ್ಟು ಉಳಿಯಿತೆಂಬುದನ್ನು ಅದು ಸೂಚಿಸುತ್ತದೆ. ರಕ್ತದ ಹರಿವು ಕುಂದಿದರೆ ಅಂಗಾಂಶವು ಬರುವ ಸ್ವಲ್ಪ ರಕ್ತದಿಂದಲೇ ಹೆಚ್ಚು ಆಮ್ಲಜನಕವನ್ನು ಸೆಳೆಯುತ್ತದೆ, ಉಳಿಕೆ ಇಳಿಯುತ್ತದೆ, ಅಂಕಿಯೂ ಇಳಿಯುತ್ತದೆ. ನಾವು ಪೀಠಿಕೆಯಲ್ಲಿ ಹೇಳಿದ ದೃಷ್ಟಾಂತದಲ್ಲಿ, ಇದು ಕೊನೆಯ ಗದ್ದೆಯ ಬದುವಿನ ಮೇಲೆ ನಿಂತು ನೋಡಿದಂತೆ.

ಆದರೆ ಒಂದು ಕಷ್ಟವು ಎದುರಾಯಿತು. ಅಂಗಾಂಶದಲ್ಲಿ ಬೆಳಕು ನೇರವಾಗಿ ಹೋಗುವುದಿಲ್ಲ. ಮಂಜಿನಲ್ಲಿ ದೀಪದ ಬೆಳಕು ಚದರುವಂತೆ ಅಲ್ಲಲ್ಲಿ ತಾಗಿ ತಿರುಗುತ್ತದೆ. ಹಣೆಯ ಮೇಲೆ ದೀಪವನ್ನೂ ಕೆಲವು ಸೆಂಟಿಮೀಟರ್ ಆಚೆಗೆ ದ್ಯುತಿಕೋಶವನ್ನೂ ಇಟ್ಟರೆ, ಕೋಶವನ್ನು ತಲಪುವ ಬೆಳಕು ಬಾಳೆಹಣ್ಣಿನ ಆಕಾರದ ಬಾಗಿದ ಹಾದಿಯಲ್ಲಿ ಒಳಹೊಕ್ಕು ಹೊರಬರುತ್ತದೆ. ಹಾದಿಯ ಉದ್ದ ತಿಳಿಯದೆ ಬೇರನ ನಿಯಮವನ್ನು ಅನ್ವಯಿಸುವಂತಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇವಿಡ್ ಡೆಲ್ಪಿ ಮತ್ತು ಅವನ ಸಂಗಡಿಗರು ಅತ್ಯಲ್ಪಕಾಲದ ಲೇಸರ್ ಮಿಂಚುಗಳನ್ನು ಹಾಯಿಸಿ, ಅವು ಹೊರಬರಲು ಹಿಡಿಯುವ ಕಾಲದಿಂದ ಹಾದಿಯನ್ನು ಲೆಕ್ಕಹಾಕಿದರು. ಇಲಿಯ ತಲೆಯಲ್ಲಿ ಬೆಳಕು ನೇರ ದೂರದ ಸುಮಾರು ಐದು ಪಟ್ಟು ಸುತ್ತಿ ಬರುತ್ತದೆಂದು ೧೯೮೮ರಲ್ಲಿ ತಿಳಿಸಿದರು. ಇದಕ್ಕೆ ಮೊದಲೇ ೧೯೮೫-೮೬ರಲ್ಲಿ ಡ್ಯೂಕ್ ಮತ್ತು ಲಂಡನ್ನುಗಳಲ್ಲಿ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಮಿದುಳಿಗೆ ಈ ಬೆಳಕನ್ನು ಹಾಯಿಸಿ ನೋಡಿದ್ದರು; ಶಿಶುವಿನ ಬುರುಡೆ ತೆಳುವಾದದ್ದು, ತಲೆ ಚಿಕ್ಕದು.

ಅನಂತರದ ದಶಕಗಳಲ್ಲಿ ಈ ಸಾಧನವು ಹೃದಯದ ಶಸ್ತ್ರಕ್ರಿಯೆಯಲ್ಲಿ ಮಿದುಳಿನ ಕಾವಲಿಗೂ, ಶರೀರದ ಒಂದೆಡೆಯಿಂದ ಇನ್ನೊಂದೆಡೆಗೆ ಕಸಿ ಮಾಡಿದ ಮಾಂಸಖಂಡದ ಕಾವಲಿಗೂ ಬಳಕೆಗೆ ಬಂದಿತು. ಕಸಿಯಾದ ಖಂಡಕ್ಕೆ ಹೊಲಿದು ಜೋಡಿಸಿದ ನಾಳವು ಹೆಪ್ಪುಗಟ್ಟಿ ಮುಚ್ಚಿದರೆ, ಕೆಲವೇ ಗಂಟೆಗಳೊಳಗೆ ಮತ್ತೆ ತೆರೆಯದಿದ್ದಲ್ಲಿ ಖಂಡವು ಉಳಿಯುವುದಿಲ್ಲ. ಚರ್ಮದ ಬಣ್ಣ ಕೆಡುವವರೆಗೆ ಕಾಯುವುದಕ್ಕಿಂತ ಮೊದಲೇ ಬೆಳಕಿನ ಸೂಚನೆ ದೊರೆತರೆ ಅಂಗವೇ ಉಳಿದೀತು.

ಇನ್ನೊಂದು ಉಪಯೋಗವು ಇತಿಹಾಸದ ವಿದ್ಯಾರ್ಥಿಗೆ ವಿಶೇಷ ಸಂತೋಷವನ್ನು ಕೊಡತಕ್ಕದ್ದು. ಸೋಂಕು ರಕ್ತಕ್ಕೇರಿ ಮರಣಾಂತಿಕ ಸ್ಥಿತಿಯಲ್ಲಿರುವ ರೋಗಿಯ ತೋಳಿಗೆ ಪಟ್ಟಿಯನ್ನು ಕಟ್ಟಿ, ಗಾಳಿ ತುಂಬಿ ರಕ್ತವನ್ನು ಸ್ವಲ್ಪ ಕಾಲ ತಡೆದು, ಹೆಬ್ಬೆರಳ ಬುಡದ ಸ್ನಾಯುವಿನಲ್ಲಿ ಆಮ್ಲಜನಕವು ಇಳಿಯುವ ವೇಗವನ್ನೂ, ಪಟ್ಟಿ ಸಡಿಲಿಸಿದಮೇಲೆ ಏರುವ ವೇಗವನ್ನೂ ನೋಡುತ್ತಾರೆ. ಇಂತಹ ರೋಗಿಗಳಲ್ಲಿ ಈ ಚೇತರಿಕೆಯು ಆರೋಗ್ಯವಂತರಿಗಿಂತ ನಿಧಾನವೆಂದು ಬ್ರಸೆಲ್ಸಿನ ಸಂಶೋಧಕರು ೨೦೦೭ರಲ್ಲಿ ವರದಿಮಾಡಿದರು. ಕಟ್ಟಿದ ಕೈ, ಹಾಯುವ ಬೆಳಕು, ಕಳೆಯುವ ಕಾಲ: ಇದು ಟ್ಯೂಬಿಂಗೆನ್ನಿನ ೧೮೭೬ರ ಪ್ರಯೋಗವೇ ಅಲ್ಲದೆ ಮತ್ತೇನು?

೭. ಅಂಕಿ ಮತ್ತು ಆಧಾರ

ಇಷ್ಟಾದರೂ ಈ ಇತಿಹಾಸವನ್ನು ವಿಜಯಗಾಥೆಯಾಗಿ ಮುಗಿಸುವುದು ನ್ಯಾಯವಲ್ಲ. ಎರಡು ಸಂಗತಿಗಳು ನಮ್ಮನ್ನು ತಡೆಯುತ್ತವೆ.

ಮೊದಲನೆಯದು, ಅಳೆಯುವುದಕ್ಕೂ ಗುಣಪಡಿಸುವುದಕ್ಕೂ ನಡುವೆ ಇರುವ ದೂರ. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳ ಮಿದುಳಿನ ಆಮ್ಲಜನಕವನ್ನು ಹುಟ್ಟಿದ ಮೊದಲ ಮೂರು ದಿನಗಳಲ್ಲಿ ಬೆಳಕಿನಿಂದ ಕಾಯುತ್ತ ಅದಕ್ಕೆ ತಕ್ಕಂತೆ ಚಿಕಿತ್ಸೆ ನಡೆಸಿದರೆ ಮರಣ ಅಥವಾ ತೀವ್ರವಾದ ಮಿದುಳಿನ ಹಾನಿ ಕಡಮೆಯಾದೀತೆ ಎಂಬುದನ್ನು ಅನೇಕ ದೇಶಗಳ ೧,೬೦೧ ಶಿಶುಗಳಲ್ಲಿ ಪರೀಕ್ಷಿಸಿದರು. ೨೦೨೩ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಾವಲಿದ್ದ ಗುಂಪಿನಲ್ಲಿ ಶೇಕಡ ೩೫.೨, ರೂಢಿಯ ಆರೈಕೆಯ ಗುಂಪಿನಲ್ಲಿ ಶೇಕಡ ೩೪.೦ ಶಿಶುಗಳಿಗೆ ಆ ದುರ್ಗತಿಯುಂಟಾಯಿತು. ಪ್ರಯೋಜನವು ಕಾಣಲಿಲ್ಲ. ಅಂಗಾಂಶದ ಅಳಲನ್ನು ಕೇಳುವ ಕಿವಿಯೊಂದು ದೊರೆತರೂ, ಕೇಳಿದಮೇಲೆ ಏನು ಮಾಡಬೇಕೆಂಬ ವಿದ್ಯೆಯು ಬೇರೆಯೇ ಎಂದಾಯಿತು.

ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ನಾಡಿಯ ಆಕ್ಸಿಮೀಟರು ತೋರಿಸುವ ಅಂಕಿಯು ಕೇವಲ ಸೂತ್ರದಿಂದ ಬಂದುದಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಮೆಯಿರುವ ಗಾಳಿಯನ್ನು ಉಸಿರಾಡಿಸಿ, ಅವರ ಅಪಧಮನಿಯ ರಕ್ತವನ್ನು ತೆಗೆದು ಪರೀಕ್ಷಿಸಿ, ಯಂತ್ರದ ಓದಿಕೆಯನ್ನು ಅದರೊಡನೆ ಹೊಂದಿಸಿ ತಯಾರಿಸಿದ ಪಟ್ಟಿಯಿಂದ ಅದು ಬಂದಿದೆ. ಆ ಸ್ವಯಂಸೇವಕರಲ್ಲಿ ಹೆಚ್ಚಿನವರು ಬಿಳಿಯ ಚರ್ಮದವರು. ಚರ್ಮದ ಕಪ್ಪುವರ್ಣವಾದ ಮೆಲನಿನ್ ಕೆಂಪು ಬೆಳಕನ್ನು ಅವಕೆಂಪಿಗಿಂತ ಹೆಚ್ಚಾಗಿ ಹೀರುತ್ತದೆ. ಚರ್ಮವು ಸ್ಥಿರವಾದುದು, ಆದ್ದರಿಂದ ಲೆಕ್ಕದಿಂದ ಬಿಟ್ಟುಹೋಗುತ್ತದೆ ಎಂಬುದು ಮೊದಲಿನವರ ಭಾವನೆ. ಆದರೆ ೧೯೯೦ರಷ್ಟು ಹಿಂದೆಯೇ ಜುಬ್ರಾನ್ ಮತ್ತು ಟೋಬಿನ್ ಎಂಬ ಅಮೆರಿಕದ ವೈದ್ಯರು ಕಪ್ಪು ಚರ್ಮದ ರೋಗಿಗಳಲ್ಲಿ ಯಂತ್ರವು ಹೆಚ್ಚು ತಪ್ಪುತ್ತದೆಂದು ತೋರಿಸಿದ್ದರು. ಆ ಮಾತು ಮೂವತ್ತು ವರ್ಷಗಳ ಕಾಲ ಬದಿಗೆ ಬಿದ್ದಿತ್ತು. ೨೦೨೦ರ ಡಿಸೆಂಬರಿನಲ್ಲಿ ಮಿಷಿಗನ್ನಿನ ಸಂಶೋಧಕರು ಪ್ರಕಟಿಸಿದ ಅಂಕಿಗಳು ಲೋಕದ ಕಣ್ಣು ತೆರೆಸಿದವು. ಯಂತ್ರವು ೯೨ರಿಂದ ೯೬ರವರೆಗಿನ ಅಂಕಿಯನ್ನು ತೋರಿಸುತ್ತಿದ್ದಾಗ, ರಕ್ತದ ನಿಜವಾದ ಸಂತೃಪ್ತತೆಯು ೮೮ಕ್ಕಿಂತ ಕಡಮೆಯಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ಶೇಕಡ ೩.೬ ಇದ್ದರೆ, ಕಪ್ಪು ರೋಗಿಗಳಲ್ಲಿ ಶೇಕಡ ೧೧.೭ರಷ್ಟಿದ್ದವು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೨೦೨೫ರ ಜನವರಿಯಲ್ಲಿ, ಹೆಚ್ಚಿನ ಸಂಖ್ಯೆಯ ಮತ್ತು ಎಲ್ಲ ಬಗೆಯ ಮೈಬಣ್ಣದ ಜನರ ಮೇಲೆ ಯಂತ್ರಗಳನ್ನು ಪರೀಕ್ಷಿಸಬೇಕೆಂಬ ಕರಡು ಸೂಚನೆಯನ್ನು ಹೊರಡಿಸಿತು.

ರಕ್ತಸಂಚಾರವು ಕುಂದಿದಾಗ ಮಿಡಿತದ ಸಂಕೇತವು ದುರ್ಬಲವಾಗುತ್ತದೆ; ಅದರ ಮೇಲೆ ಚರ್ಮದ ಬಣ್ಣದ ದೋಷವೂ ಸೇರಿದರೆ ತಪ್ಪು ಇಮ್ಮಡಿಸುವ ಸಂಭವವುಂಟು. ಅಂಗಾಂಶವನ್ನು ನೋಡುವ ಸಾಧನಕ್ಕೂ ಬೆಳಕು ಚರ್ಮದ ಮೂಲಕವೇ ಹೋಗಬೇಕಾದ್ದರಿಂದ ಈ ಎಚ್ಚರಿಕೆಯು ಅಲ್ಲಿಗೂ ಸಲ್ಲುತ್ತದೆ. ಗೋಧಿಬಣ್ಣದಿಂದ ಕಡುಗಪ್ಪಿನವರೆಗೆ ಎಲ್ಲ ಛಾಯೆಗಳ ಮೈಬಣ್ಣವಿರುವ ನಮ್ಮ ನಾಡಿನಲ್ಲಿ ಇದು ದೂರದೇಶದ ಸುದ್ದಿಯೆಂದು ಕೈಬಿಡತಕ್ಕ ವಿಷಯವಲ್ಲ.

೮. ಉಪಸಂಹಾರ

ಮೇಲಿನ ನಿರೂಪಣೆಯಿಂದ ಮೂರು ಅಂಶಗಳು ಹೊರಡುತ್ತವೆಂದು ನಮ್ಮ ಅಭಿಪ್ರಾಯ. ಒಂದನೆಯದಾಗಿ, ಸಾಧನವು ಬೆಳೆದಂತೆ ಪ್ರಶ್ನೆಯು ಬದಲಾಗಬಹುದು. ವೈಮಾನಿಕನ ಅಗತ್ಯಕ್ಕೆ ಹುಟ್ಟಿದ ಅಳತೆಯನ್ನು ಆಘಾತಕ್ಕೊಳಗಾದ ರೋಗಿಗೆ ಅನ್ವಯಿಸುವಾಗ, ಅದು ಯಾರ ಪ್ರಶ್ನೆಗೆ ಉತ್ತರವೆಂಬುದನ್ನು ಮರೆಯಬಾರದು. ಎರಡನೆಯದಾಗಿ, ತೊಡಕೆಂದು ಒಬ್ಬನು ಕಳೆದುದರಲ್ಲಿ ಇನ್ನೊಬ್ಬನಿಗೆ ಸತ್ಯವು ದೊರೆಯಬಹುದು. ಅಓಯಾಗಿಗೆ ಮಿಡಿತವು ಹಾಗೆ ದೊರೆಯಿತು. ಕಿವಿಯನ್ನು ಕಾಯಿಸಿ ಅಳಿಸಿದ್ದ ಅಂಗಾಂಶದ ಬಳಕೆಯು ಜೋಬ್ಸಿಸನಿಗೆ ಮುಖ್ಯವಾಯಿತು. ಮೂರನೆಯದಾಗಿ, ಸ್ಥಿರವೆಂದು ಎಲ್ಲರೂ ನಂಬಿ ಲೆಕ್ಕದಿಂದ ಬಿಟ್ಟ ಸಂಗತಿಯಲ್ಲಿಯೇ ದೋಷವು ಮನೆಮಾಡಿಕೊಂಡಿರಬಹುದು. ಮೂವತ್ತು ವರ್ಷ ಕಡೆಗಣಿಸಲ್ಪಟ್ಟ ಚರ್ಮದ ಬಣ್ಣವು ಇದಕ್ಕೆ ನಿದರ್ಶನ.

ಮ್ಯಾಕ್‌ಮನ್ನನ ಮಾತನ್ನು ಒಪ್ಪಲು ನಲವತ್ತು ವರ್ಷಗಳು ಬೇಕಾದವು. ೧೯೯೦ರ ಎಚ್ಚರಿಕೆಯನ್ನು ಕೇಳಲು ಮೂವತ್ತು ವರ್ಷಗಳು ಹಿಡಿದವು. ಈ ವಿಳಂಬಗಳ ಬೆಲೆಯನ್ನು ತೆತ್ತವರು ರೋಗಿಗಳು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ಅಂಕಿಯನ್ನು ಬರೆದುಕೊಳ್ಳುವಾಗ, ಅದೇ ತೋಳಿಗೆ ರಕ್ತದೊತ್ತಡದ ಪಟ್ಟಿಯನ್ನು ಒಂದು ಕ್ಷಣ ಬಿಗಿಸಿ ಅಂಕಿಗೆ ಏನಾಗುತ್ತದೆಂಬುದನ್ನೂ ಅಧ್ಯಾಪಕರು ತೋರಿಸಬಹುದು. ಮಿಡಿತವು ನಿಂತೊಡನೆ ಯಂತ್ರವು ಮೌನವಾಗುತ್ತದೆ. ಬೆರಳು ಮಾತ್ರ ಉಳಿದ ಆಮ್ಲಜನಕವನ್ನು ಬಳಸುತ್ತ ಬದುಕಿಯೇ ಇರುತ್ತದೆ. ಆ ಮೌನದಲ್ಲಿ ಬೆರಳಿನೊಳಗೆ ನಡೆಯುತ್ತಿರುವುದೇನೆಂದು ವಿದ್ಯಾರ್ಥಿಯೊಬ್ಬನು ಕೇಳಿದರೆ, ಫೀರೋರ್ಟನ ಪ್ರಶ್ನೆಯು ಅವನಿಗೂ ತಲಪಿತೆಂದು ನಾವು ತಿಳಿಯಬಹುದು.